ಅಪ್‌ಡೇಟ್: ಚಳಿಜ್ವರ, ಉರಿಮೂತ್ರಕ್ಕೆ ಕಾರಣ ಪ್ರಾಸ್ಟೇಟ್ ಸೋಂಕು

ಮೈ ನಡುಗಿಸುವ ಚಳಿಜ್ವರ, ಉರಿಮೂತ್ರ, ವೃಷಣದ ಹಿಂದಿನಿಂದ ಗುದದ್ವಾರದವರೆಗೆ ನೋವು. ಇದು ಕಿಡ್ನಿ ಸ್ಟೋನ್ ಇರಬಹುದೇ ಎಂದು ಕೇಳಿದ್ದೆ. ಅಲ್ಲ, ಪ್ರಾಸ್ಟೇಟ್ ಗ್ರಂಥಿಗೆ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಬ್ಯಾಕ್ಟೀರಿಯಾ ಸೋಂಕು ತಗುಲಿತ್ತು. "ಜ್ವರ ಇದೆ ಅಂದ್ರೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ" ಎಂದು ಒತ್ತಾಯಿಸಿದವರಿಗೆ ಮನಸಾರೆ ಧನ್ಯವಾದ.

ಯೂರಾಲಜಿಸ್ಟ್ (ಮೂತ್ರಾಂಗ ತಜ್ಞರು) ಗುದದ್ವಾರದ ಮೂಲಕ ಬೆರಳಿನಿಂದ ಬಹಳ ಹಗುರವಾಗಿ ಗ್ರಂಥಿಯ ಪರೀಕ್ಷೆ ಮಾಡಿದರು. ಈ ಹಂತದಲ್ಲಿ ಗ್ರಂಥಿಯನ್ನು ಒತ್ತಿ ತಿಕ್ಕಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವ ಅಪಾಯ ಇದೆಯಂತೆ. ಮಾತ್ರೆ ಶುರುಮಾಡುವ ಮೊದಲೇ ಯೂರಿನ್ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದ್ದು ತುಂಬಾ ಒಳ್ಳೆಯದಾಯಿತು. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂಬುದೂ ಗೊತ್ತಾಯಿತು. ನನಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಬರೆದಿದ್ದಾರೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಗಟ್ಟಿ ಪಟ್ಟಿ) ನೋಯತೊಡಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ತಿಳಿಸಬೇಕು ಎಂದಿದ್ದಾರೆ.

ಜ್ವರ ಬೇಗ ಇಳಿಯಿತು, ಕೋರ್ಸ್ ಮಾತ್ರ ಇನ್ನೂ ನಡೆಯುತ್ತಿದೆ. ಸಾಮಾನ್ಯವಾಗಿ 2ರಿಂದ 4 ವಾರ ಬೇಕಾಗುತ್ತದೆ. ಎಷ್ಟೋ ಆಂಟಿಬಯಾಟಿಕ್‌ಗಳು ಪ್ರಾಸ್ಟೇಟ್ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಸೋಂಕು ಅಲ್ಲೇ ಬೇರೂರಿ ತಿಂಗಳುಗಟ್ಟಲೆ ಮತ್ತೆ ಮತ್ತೆ ಕಾಡಬಹುದು. ಮನೆಯಲ್ಲಿ ಉಳಿದ ಹಳೆಯ ಮಾತ್ರೆ ನುಂಗಿ ಎಂಬ ಸಲಹೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ.

ಪಿಎಸ್‌ಎ (ಪ್ರಾಸ್ಟೇಟ್ ತೊಂದರೆ ಪತ್ತೆಗೆ ಮಾಡುವ ರಕ್ತಪರೀಕ್ಷೆ) ಬಗ್ಗೆ ಕೇಳಿದವರಿಗೆ: ಸೋಂಕಿದ್ದಾಗ ಅದು ಏರುವುದು ಸಾಮಾನ್ಯ, ಹಾಗಾಗಿ ಈಗ ಮಾಡಿಸಿಲ್ಲ.

ಇದೇ ಲಕ್ಷಣಗಳ ಜೊತೆ ಮೂತ್ರ ಪೂರ್ತಿ ಕಟ್ಟಿಕೊಂಡರೆ, ಅಥವಾ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ. ಕೋರ್ಸ್ ಮುಗಿದು ಮತ್ತೊಮ್ಮೆ ಕಲ್ಚರ್ ಮಾಡಿಸಿದ ಮೇಲೆ ಫಲಿತಾಂಶ ತಿಳಿಸುತ್ತೇನೆ.