ಸಹಾಯ ಬೇಕು: ಯುಎಸ್‌ಬಿ ಚಾರ್ಜರಿನಲ್ಲಿ ವೈಫೈ ಮಾಡ್ಯೂಲ್ ರೀಸೆಟ್ ಆಗುತ್ತಿದೆ

ನಮಸ್ಕಾರ. ಸಂಪಿನ ನೀರಿನ ಮಟ್ಟ ನೋಡೋಕೆ ಇಎಸ್‌ಪಿ-01 ಅನ್ನೋ ವೈಫೈ ಮಾಡ್ಯೂಲ್ ಕೂರಿಸಿದ್ದೇನೆ. ಅದಕ್ಕೆ ಬೇಕಿರೋದು 3.3 ವೋಲ್ಟ್, ಹಾಗಾಗಿ ಹಳೇ ಮೊಬೈಲ್ ಚಾರ್ಜರಿನ 5 ವೋಲ್ಟನ್ನು ಎಎಂಎಸ್1117 ರೆಗ್ಯುಲೇಟರಿನಿಂದ ಇಳಿಸಿ ಕೊಡುತ್ತಿದ್ದೇನೆ. ಮೇಜಿನ ಮೇಲೆ ಗಂಟೆಗಟ್ಟಲೆ ಓಡಿತು. ಸಂಪಿನ ಹತ್ತಿರ 3 ಮೀಟರ್ ಕೇಬಲ್ ಎಳೆದು ಹಾಕಿದರೆ ಮಾತ್ರ, ವೈಫೈ ಹಿಡಿಯೋ ಹೊತ್ತಿಗೆ ಸರಿಯಾಗಿ ನೀಲಿ ಲೈಟ್ ಮಿನುಗಿ ರೀಸೆಟ್ ಆಗುತ್ತದೆ.

ಚಾರ್ಜರ್ ಬದಲಿಸಿದೆ, 3.3 ವೋಲ್ಟ್ ಕಡೆ 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಹಾಕಿದೆ. ಉಪಯೋಗವಿಲ್ಲ. ಕೇಬಲ್ ತುದಿಯಲ್ಲಿ ಮಲ್ಟಿಮೀಟರ್ 4.7 ತೋರಿಸುತ್ತದೆ. ರೆಗ್ಯುಲೇಟರಿಗೆ 3.3ರ ಮೇಲೆ ಇನ್ನೂ 1.1 ವೋಲ್ಟ್ ಬೇಕು ಅಂದರೂ 4.4 ಸಾಕಲ್ವಾ? ಅಥವಾ ಕ್ಷಣಮಾತ್ರ ಬೀಳೋ ವೋಲ್ಟೇಜ್ ನನ್ನ ಅಗ್ಗದ ಮೀಟರಿಗೆ ಕಾಣ್ತಿಲ್ವಾ?

ಈಗ ದಪ್ಪ ವೈರ್ ಹಾಕಲಾ, ದೊಡ್ಡ ಕೆಪಾಸಿಟರ್ ಹಾಕಲಾ, ಇಲ್ಲಾ ರೆಗ್ಯುಲೇಟರನ್ನೇ ಬದಲಿಸಲಾ? ಮೊದಲು ಯಾವುದು ಮಾಡಲಿ?