ಅಪ್‌ಡೇಟ್: ಅವ್ವನ ಕಣ್ಣು ಚುಚ್ಚುತ್ತಿದ್ದದ್ದು ಹಳೇ ಹೊಲಿಗೆ

ಅವ್ವನಿಗೆ ಪೊರೆ ಆಪರೇಷನ್ ಆಗಿ ಎಷ್ಟೋ ವರ್ಷ ಆದಮೇಲೆ ಅದೇ ಕಣ್ಣು ಚುಚ್ಚುತ್ತದೆ, ನೀರು ಸುರಿಯುತ್ತದೆ, ಯಾಕೆ ಅಂತ ಕೇಳಿದ್ದೆ. ಜಾಸ್ತಿ ಜನ ಕಲಬುರಗಿ ಬಿಸಿಲು, ಧೂಳು ಅಂದಿರಿ. ಅದಲ್ಲ.

ಇಲ್ಲೇ ಕಣ್ಣಿನ ಡಾಕ್ಟರ್‌ಗೆ ತೋರಿಸಿದೆವು. ಸ್ಲಿಟ್ ಲ್ಯಾಂಪ್ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ಮೇಲೆ ಗದ್ದ ಇಡಿಸಿ, ಕಣ್ಣಿಗೆ ಹಳದಿ ಬಣ್ಣ ಹಾಕಿ ನೋಡಿದರು. ಹೊಲಿಗೆಯ ನೈಲಾನ್ ದಾರ ತುಂಡಾಗಿ ತುದಿ ಮೇಲೆದ್ದಿತ್ತು. ರೆಪ್ಪೆ ಬಡಿದಾಗಲೆಲ್ಲ ಅದು ಉಜ್ಜುತ್ತಿತ್ತು. ಈಗಿನ ಫೇಕೊ ಆಪರೇಷನ್‌ನಲ್ಲಿ (ಪೊರೆಯನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವುದು) ಸೀಳು ಸುಮಾರು 2-3 ಮಿ.ಮೀ. ಅಷ್ಟೇ, ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ. ಹಳೇ ಪದ್ಧತಿಯಲ್ಲಿ 10 ಮಿ.ಮೀ. ಮೇಲೆ ಸೀಳುತ್ತಿದ್ದರು, ಹೊಲಿಯಲೇಬೇಕಿತ್ತು. ಆ ಹೊಲಿಗೆಗೆ ಬಳಸುವ 10-0 ಅನ್ನೋ ಅಳತೆಯ ದಾರ ಕೂದಲಿಗಿಂತ ತೆಳು. ನೈಲಾನ್ ಆದರೂ ಕಣ್ಣಿನಲ್ಲಿ ವರ್ಷಗಟ್ಟಲೆ ಇದ್ದು ನಿಧಾನಕ್ಕೆ ಸವೆಯುತ್ತದೆ.

ಮರಗಟ್ಟುವ ಹನಿ ಹಾಕಿ, ಕುಂತಲ್ಲೇ ಚಿಮಟದಿಂದ ಎಳೆದು ತೆಗೆದರು. "ಇಷ್ಟಕ್ಕ ನಾ ರಾತ್ರಿಯೆಲ್ಲ ಅಂಜಿದ್ನಾ?" ಅಂದಳು ಅವ್ವ.

ದಾರ ತೆಗೆದ ಜಾಗದಲ್ಲಿ ಸೋಂಕು ಆಗಬಾರದು ಅಂತ ಆಂಟಿಬಯೋಟಿಕ್ ಹನಿ ಕೊಟ್ಟಿದ್ದಾರೆ. ಹೊಲಿಗೆಯ ಬಿಗಿ ಹೋದರೆ ಸಿಲಿಂಡರ್ ನಂಬರ್ (ಕಣ್ಣಿನ ಬಾಗು ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಕನ್ನಡಕದ ನಂಬರ್) ಬದಲಾಗಬಹುದಂತೆ, ಹಾಗಾಗಿ ಕನ್ನಡಕ ಕೆಲವು ವಾರ ಬಿಟ್ಟು. ಮೆಡಿಕಲ್‌ನಲ್ಲಿ ಕೇಳಿ ಹನಿ ಹಾಕಿ ಅಂದವರಿಗೆ: ಹಾಕಿದ್ದರೂ ದಾರ ಅಲ್ಲೇ ಇರುತ್ತಿತ್ತು, ಅಲ್ವಾ?