ಅಪ್ಪ ಬಿಟ್ಟುಹೋದ ಬರಹಗಳನ್ನು ಉಳಿಸಿಕೊಳ್ಳುವುದು ಹೇಗೆ? ನಿಮ್ಮ ಅನುಭವ ಹೇಳಿ

ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ನಲವತ್ತು ವರ್ಷ ಕಥೆ, ಪ್ರಬಂಧ ಬರೆದವರು. ಅವರ ಆರು ಪುಸ್ತಕಗಳಲ್ಲಿ ಒಂದೂ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಟ್ರಂಕಿನ ತುಂಬ ಹಸ್ತಪ್ರತಿ, ಪತ್ರಿಕೆಗಳ ತುಣುಕು, ಪತ್ರಗಳು, ಜೊತೆಗೆ ಕೆಲವು ಸಿ.ಡಿ.ಗಳಿವೆ. ಸಮಗ್ರ ಸಂಪುಟ ತರಬೇಕೆಂಬ ಆಸೆ. ಎಲ್ಲಿಂದ ಆರಂಭಿಸಲಿ?

ಕಥೆಗಾರ್ತಿಯ ಮಗಳು: ಸಂಪುಟದ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಟ್ರಂಕಿನಲ್ಲಿ ಏನೇನಿದೆ ಎಂಬ ಪಟ್ಟಿ ಆಗಲಿ.

ಅಮ್ಮ ಹೋದ ಮೇಲೆ ನಾನು ಕಾಗದಗಳನ್ನೆಲ್ಲ ನೆಲಕ್ಕೆ ಸುರಿದು ಕಥೆ ಒಂದು ಕಡೆ, ಪತ್ರ ಒಂದು ಕಡೆ ಎಂದು ವಿಂಗಡಿಸಿದೆ. ಆಮೇಲೆ ನೋಡಿದರೆ ಒಂದೇ ಕಥೆಯ ಮೂರು ಕರಡುಗಳು. ಯಾವುದು ಕೊನೆಯದು ಎಂಬ ಸುಳಿವು ಇದ್ದದ್ದು ಸಂಪಾದಕರೊಬ್ಬರ ಪತ್ರದಲ್ಲಿ: ‘ಈ ರೂಪವೇ ಇರಲಿ’ ಎಂದು ಬರೆದಿದ್ದರು. ಆ ಪತ್ರ ಯಾವ ಕರಡಿನೊಳಗೆ ಮಡಚಿತ್ತೋ, ಬೇರ್ಪಡಿಸಿದವಳು ನಾನೇ. ಇವತ್ತಿಗೂ ಉತ್ತರ ಸಿಕ್ಕಿಲ್ಲ, ಆ ನೋವು ಹೋಗಿಲ್ಲ.

ಆದ್ದರಿಂದ ಟ್ರಂಕನ್ನು ತೆರೆದ ಹಾಗೆಯೇ ಫೋಟೊ ತೆಗೆಯಿರಿ. ಅವರು ಕಟ್ಟಿಟ್ಟ ಕಟ್ಟುಗಳನ್ನು ಒಡೆಯಬೇಡಿ. ಪ್ರತಿ ಹಾಳೆಯ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸಂಖ್ಯೆ ಬರೆಯಿರಿ, ಪೆನ್ನು ಬೇಡ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ನಿಧಾನವಾಗಿ ತೆಗೆಯಿರಿ. ಹರಿದಲ್ಲಿಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಪತ್ರಿಕೆಯ ಕಾಗದದ ಆಮ್ಲ ಪಕ್ಕದ ಹಾಳೆಗೂ ಕಲೆ ಹತ್ತಿಸುತ್ತದೆ, ಆ ತುಣುಕುಗಳನ್ನು ಬೇರೆ ಲಕೋಟೆಯಲ್ಲಿಟ್ಟು ಯಾವ ಕಟ್ಟಿನವು ಎಂದು ಗುರುತು ಹಾಕಿ.

ಸ್ಕ್ಯಾನ್ ಕನಿಷ್ಠ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಇರಲಿ, ಬಣ್ಣದಲ್ಲಿಯೇ ಇರಲಿ. ಅಮ್ಮ ನೀಲಿಯಲ್ಲಿ ಬರೆದು, ತಿಂಗಳು ಬಿಟ್ಟು ಕೆಂಪಿನಲ್ಲಿ ತಿದ್ದುತ್ತಿದ್ದರು. ನನ್ನ ಮೊದಲ ಕಪ್ಪು-ಬಿಳುಪು ಪ್ರತಿಗಳಲ್ಲಿ ಎರಡೂ ಒಂದೇ ಆಗಿಬಿಟ್ಟವು. ಎಲ್ಲವನ್ನೂ ಮತ್ತೆ ಮಾಡಬೇಕಾಯಿತು.

ಕವಿಯ ಮಗ: ಹಕ್ಕಿನ ವಿಷಯವನ್ನು ಮುಂದೂಡಬೇಡಿ. ಭಾರತದಲ್ಲಿ ಲೇಖಕರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ವಿಲ್ ಇಲ್ಲದಿದ್ದರೆ ಅದು ಕಾನೂನುಬದ್ಧ ವಾರಸುದಾರರೆಲ್ಲರದು. ನಾನು ಒಬ್ಬನೇ ಓಡಾಡಿ ಪ್ರಕಾಶಕರಿಗೆ ಮಾತು ಕೊಟ್ಟೆ, ಅಕ್ಕನನ್ನು ಕೇಳಲಿಲ್ಲ. ಅವಳು ಬೇಡವೆನ್ನಲಿಲ್ಲ, ಆದರೆ ಎರಡು ವರ್ಷ ಮಾತು ಬಿಟ್ಟಳು. ನೀವು ಮೊದಲೇ ಎಲ್ಲರ ಸಹಿಯಿರುವ ಒಂದು ಪತ್ರ ಮಾಡಿಕೊಳ್ಳಿ.

ಹಳೆಯ ಒಪ್ಪಂದಗಳನ್ನು ಹುಡುಕಿ ಓದಿ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. 1995ರ ಮೇ ನಂತರದ ಒಪ್ಪಂದದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷವೆಂದೇ ಪರಿಗಣಿಸುತ್ತದೆ. ಎಷ್ಟೋ ಪುಸ್ತಕಗಳ ಹಕ್ಕು ಮನೆಗೆ ಮರಳಿರುವುದು ಮನೆಯವರಿಗೇ ಗೊತ್ತಿರುವುದಿಲ್ಲ. ಇನ್ನೊಂದು: ನಿಮ್ಮ ತಂದೆಗೆ ಬಂದ ಪತ್ರಗಳ ಕಾಗದ ನಿಮ್ಮದು, ಅದರಲ್ಲಿನ ಬರಹದ ಹಕ್ಕು ಬರೆದವರದು. ಅಚ್ಚು ಮಾಡುವ ಮುನ್ನ ಅವರನ್ನು ಅಥವಾ ಅವರ ಮನೆಯವರನ್ನು ಕೇಳಿ.

ಅಕ್ಷರ ಜೋಡಣೆ ಮಾಡುವವರು: ಸಿ.ಡಿ.ಗಳನ್ನು ಇವತ್ತೇ ನಕಲು ಮಾಡಿಕೊಳ್ಳಿ, ಅವು ಹೇಳದೆ ಕೇಳದೆ ಕೆಡುತ್ತವೆ. ಕಡತಗಳು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದರೆ ತೆರೆದಾಗ ಅರ್ಥವಿಲ್ಲದ ಗುರುತುಗಳು ಕಾಣಬಹುದು. ಹಾಳಾಗಿದೆ ಎಂದು ಅಳಿಸಬೇಡಿ. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರವ್ಯವಸ್ಥೆಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಳ ತಪ್ಪುವುದುಂಟು, ಹಾಗಾಗಿ ಮೂಲ ಕಡತವನ್ನು ಹಾಗೆಯೇ ಇಟ್ಟು ಮುದ್ರಿತ ಪ್ರತಿಯೊಂದಿಗೆ ಸಾಲು ಸಾಲು ಹೋಲಿಸಿ. ಒಟ್ಟು ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ.

ಕಥೆಗಾರ್ತಿಯ ಮಗಳು: ಒಂದು ಮಾತು ಬಿಟ್ಟಿದ್ದೆ. ನಿಮ್ಮ ತಾಯಿ ಇದ್ದರೆ, ಅಪ್ಪನ ಹಳೆಯ ಗೆಳೆಯರಿದ್ದರೆ, ಪಟ್ಟಿಯಾದ ಕೂಡಲೇ ಅವರ ಬಳಿ ಕುಳಿತುಕೊಳ್ಳಿ. ಪಟ್ಟಿ ಹಿಡಿದು ಒಂದೊಂದು ಶೀರ್ಷಿಕೆ ಓದಿ, ಮೊಬೈಲಿನಲ್ಲಿ ಮಾತು ದಾಖಲಿಸಿ. ಅಮ್ಮನ ಗೆಳತಿಯೊಬ್ಬರು ಒಂದು ಶೀರ್ಷಿಕೆ ಕೇಳಿದೊಡನೆ, ‘ಇದು ಬೇರೆ ಹೆಸರಿನಲ್ಲಿ ಅಚ್ಚಾಗಿತ್ತಲ್ಲ’ ಎಂದರು. ಹಾಗೆ ನಮಗೆ ಸಿಕ್ಕಿದ್ದು ಒಂದಲ್ಲ, ನಾಲ್ಕು ಕಥೆಗಳು.